ಮನೆಮಂದಿಯ ಆರೋಗ್ಯ: ಹೊಟ್ಟೆಯೊಳಗಿನ ಅಂಟು



ಈ ತಿಂಗಳ ಬರಹಕ್ಕೆ ಕಾರಣವಾದುದು ನಮ್ಮ ಬಳಗದಲ್ಲಿಯೇ ನಡೆದ ಒಂದು ಸಂಗತಿ. ನಮ್ಮ ತಂಗಿಯನ್ನು ಭಾಲ್ಕಿ ತಾಲ್ಲೂಕಿನ ಹಲಬರ್ಗಾಕ್ಕೆ ಕೊಟ್ಟಿದ್ದೇವೆ. ಬೀದರದಿಂದ ಪರಳಿ ವೈಜನಾಥದ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ಭಾಲ್ಕಿಗಿಂತ ಮೊದಲು ಸಿಗುವ ಊರು ಅದು. ಒಕ್ಕಲುತನದ ಮನೆ. ತೊಗರಿಯ ರಾಶಿ ನಡೆದಿದ್ದ ದಿನಗಳಲ್ಲಿ ಒಂದು ಸಂಜೆ ಆಕೆಗೆ ಹೊಟ್ಟೆನೋವು ಬಂತು. "ಅತ್ತಿ, ಹೊಟ್ಯಾಗ ಯಾರೋ ಹಗ್ಗ ಹಾಕಿ ಬಿಗದಂಗ ಆಗ್ಯಾದ್ರಿ" ಎಂದು ಅತ್ತೆಗೆ ಹೇಳಿದಳಂತೆ. ನೋವು ಅಲೆಯಂತೆ ಏರುತ್ತಿತ್ತು, ಸ್ವಲ್ಪ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಮನೆಯವರು ಹೊಕ್ಕಳು ಸರಿದಿದೆ ಎಂದು ಭಾವಿಸಿ ಎಣ್ಣೆ ಹಚ್ಚಿ ತಿಕ್ಕಿಸಿದರು. ಮಲಬದ್ಧತೆ ಇರಬಹುದೆಂದು ಔಡಲೆಣ್ಣೆ ಕುಡಿಸಿದರು. ಎರಡನೆಯ ರಾತ್ರಿ ವಾಂತಿ ಹಸಿರು ಬಣ್ಣಕ್ಕೆ ತಿರುಗಿತು, ಹೊಟ್ಟೆ ಉಬ್ಬಿತು, ವಾಯು ಕೂಡ ಸರಿಯದಾಯಿತು. ಆಗ ಗಾಬರಿಗೊಂಡು ಭಾಲ್ಕಿಗೆ ಕರೆದೊಯ್ದರು. ಅಲ್ಲಿನ ವೈದ್ಯರು ನಿಲ್ಲಿಸಿ ಎಕ್ಸ್-ರೇ ತೆಗೆಸಿ, ಕರುಳು ಕಟ್ಟಿಕೊಂಡಿದೆ ಎಂದು ಹೇಳಿ ಅದೇ ರಾತ್ರಿ ಹೈದರಾಬಾದಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಕಳುಹಿಸಿದರು.

ತಂಗಿಗೆ ಆಗ ಮೂವತ್ತೆಂಟು ವರ್ಷ. ಎರಡನೆಯ ಹೆರಿಗೆಯ ಬಳಿಕ ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿತ್ತು. ಇದಕ್ಕೆ ಐದು ವರ್ಷ ಹಿಂದೆ, ಬಿಳಿಮುಟ್ಟಿನ ಉಪದ್ರವವೆಂದು ಹೋದಾಗ, ಖಾಸಗಿ ಆಸ್ಪತ್ರೆಯೊಂದರಲ್ಲಿ ಗರ್ಭಕೋಶವನ್ನು ತೆಗೆದಿದ್ದರು. ಅದು ನಿಜವಾಗಿ ಅವಶ್ಯವಿತ್ತೇ ಎಂದು ನಾವು ಆಗ ಕೇಳಲಿಲ್ಲ. ಆ ಮಾತು ಮುಂದೆ ಬರುತ್ತದೆ.

ಹೈದರಾಬಾದಿನಲ್ಲಿ ಹೊಟ್ಟೆ ತೆರೆದು ನೋಡಿದಾಗ ಹಳೆಯ ಗಾಯದ ಕಲೆಯಿಂದ ಹೊರಟ ಒಂದು ಬಿಳಿಯ ಪಟ್ಟಿ, ಜನಿವಾರದ ದಾರಕ್ಕಿಂತ ಸ್ವಲ್ಪ ದಪ್ಪನೆಯದು, ಸಣ್ಣ ಕರುಳಿನ ಮೇಲೆ ಹಾಯ್ದು ಅದನ್ನು ಬಿಗಿದು ಕಟ್ಟಿತ್ತಂತೆ. ಪಟ್ಟಿಯನ್ನು ಕತ್ತರಿಸಿದೊಡನೆ ಸಿಕ್ಕಿಬಿದ್ದಿದ್ದ ಭಾಗ ಕಪ್ಪಿನಿಂದ ನಿಧಾನವಾಗಿ ಗುಲಾಬಿ ಬಣ್ಣಕ್ಕೆ ಬಂತು. ಇನ್ನರ್ಧ ದಿನ ತಡವಾಗಿದ್ದರೆ ಅಷ್ಟು ಕರುಳನ್ನೇ ಕತ್ತರಿಸಬೇಕಾಗುತ್ತಿತ್ತೆಂದು ಶಸ್ತ್ರವೈದ್ಯರು ಹೇಳಿದರು. ಆದರೆ ಶಸ್ತ್ರಚಿಕಿತ್ಸೆಗೆ ಮುನ್ನವೇ ಅವರು ಇನ್ನೊಂದು ಮಾತನ್ನೂ ಕೇಳಿದ್ದರು. "ಹೊಟ್ಟೆ ಮುಚ್ಚುವ ಮೊದಲು ಒಳಗೆ ಒಂದು ಬಗೆಯ ಜೆಲ್ ಹಚ್ಚಬಹುದು. ಮತ್ತೆ ಅಂಟು ಆಗುವುದನ್ನು ಕಡಿಮೆ ಮಾಡುತ್ತದೆ. ಕೆಲವು ದಿನಗಳಲ್ಲಿ ತಾನೇ ಕರಗಿಹೋಗುತ್ತದೆ. ಬೆಲೆ ಹೆಚ್ಚು, ನೀವು ಒಪ್ಪಿದರೆ ಮಾತ್ರ." ನಮ್ಮ ಭಾವನವರು ರಾತ್ರಿ ಎರಡು ಗಂಟೆಗೆ ದೂರವಾಣಿಯಲ್ಲಿ ನಮ್ಮನ್ನು ಕೇಳಿದರು. ಹಿಂದಿನಿಂದ ಅವರ ತಾಯಿಯವರ ಪ್ರಶ್ನೆಯೂ ಕೇಳಿಸಿತು: "ಅದು ಯಾತರಿಂದ ಮಾಡಿದ್ದು ಕೇಳಪಾ ಮೊದಲ."

ಆರೋಗ್ಯದ ವಿಷಯ ಬರೆಯುವವರು ನಾವಾಗಿದ್ದರೂ ಅಂದು ಉತ್ತರ ಕೊಡುವಷ್ಟು ನಮಗೆ ತಿಳಿದಿರಲಿಲ್ಲ. ವೈದ್ಯರ ಮಾತಿನಂತೆ ನಡೆಯಿರಿ ಎಂದಷ್ಟೇ ಹೇಳಿದೆವು. ಆಮೇಲೆ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಹೊಟ್ಟೆಯ ಒಳಗೋಡೆಗೂ ಕರುಳು, ಗರ್ಭಕೋಶ ಮೊದಲಾದ ಅವಯವಗಳಿಗೂ ಒಂದು ತೆಳುವಾದ, ನುಣುಪಾದ, ಸದಾ ತೇವದಿಂದಿರುವ ಪೊರೆಯ ಹೊದಿಕೆಯಿದೆ. ವೈದ್ಯರು ಇದನ್ನು ಪೆರಿಟೋನಿಯಂ ಎನ್ನುತ್ತಾರೆ. ಬಿಡಿಸಿ ಹಾಸಿದರೆ ಇದರ ವಿಸ್ತಾರ ಹೆಚ್ಚುಕಡಿಮೆ ನಮ್ಮ ಮೈಚರ್ಮದಷ್ಟಾಗುತ್ತದೆ. ಸುಮಾರು ಇಪ್ಪತ್ತು ಅಡಿ ಉದ್ದದ ಸಣ್ಣ ಕರುಳು ಹಗಲಿರುಳು ಹೊರಳಾಡುತ್ತಿದ್ದರೂ ನಮಗೆ ಅದರ ಅರಿವಾಗದಿರುವುದು ಈ ಪೊರೆಯ ನುಣುಪಿನಿಂದ. ಶಸ್ತ್ರಚಿಕಿತ್ಸೆಯಲ್ಲಿ ಕತ್ತಿ ತಗುಲಿದಲ್ಲಿ, ಬಟ್ಟೆ ಉಜ್ಜಿದಲ್ಲಿ, ದೀಪದ ಬಿಸಿಗೆ ಒಣಗಿದಲ್ಲಿ ಈ ಪೊರೆ ಗಾಯಗೊಳ್ಳುತ್ತದೆ. ಗಾಯವಾದ ಕೆಲವೇ ತಾಸುಗಳಲ್ಲಿ ಅಲ್ಲಿ ರಕ್ತದ ರಸ ಒಸರಿ ಫೈಬ್ರಿನ್ ಎಂಬ ಅಂಟು ನಾರು ಹೆಣೆದುಕೊಳ್ಳುತ್ತದೆ. ಮೊಣಕಾಲು ತರಚಿದಾಗ ರಕ್ತವನ್ನು ಹೆಪ್ಪುಗಟ್ಟಿಸುವುದೂ ಇದೇ ನಾರು. ಹೊಟ್ಟೆಯಲ್ಲಿ ಅಕ್ಕಪಕ್ಕದ ಎರಡು ಗಾಯದ ಮುಖಗಳು ತಾಗಿಕೊಂಡಿದ್ದರೆ ಈ ನಾರು ಅವೆರಡನ್ನೂ ಹಿಡಿದು ನಿಲ್ಲಿಸುತ್ತದೆ.

ಸಾಮಾನ್ಯವಾಗಿ ದೇಹ ತಾನೇ ಈ ನಾರನ್ನು ಕರಗಿಸಿಬಿಡುತ್ತದೆ. ಪೊರೆಯಲ್ಲಿಯೇ ಅದಕ್ಕೆ ಬೇಕಾದ ರಸಗಳಿವೆ. ಆದರೆ ಗಾಯಗೊಂಡ, ರಕ್ತ ಸಂಚಾರ ಕುಗ್ಗಿದ, ಸೋಂಕು ತಗುಲಿದ ಪೊರೆಯಲ್ಲಿ ಆ ಕರಗಿಸುವ ಶಕ್ತಿ ಕುಂದುತ್ತದೆ. ಕರಗದೆ ಉಳಿದ ನಾರಿನೊಳಕ್ಕೆ ಕಲೆ ಕಟ್ಟುವ ಜೀವಕೋಶಗಳು ನುಗ್ಗುತ್ತವೆ, ಸಣ್ಣ ರಕ್ತನಾಳಗಳು ಬೆಳೆಯುತ್ತವೆ, ಮೊದಲು ಜೇಡರ ಬಲೆಯಂತಿದ್ದುದು ಗಟ್ಟಿಯಾದ ಪಟ್ಟಿಯಾಗುತ್ತದೆ. ಒಂದು ವಿಶೇಷವೆಂದರೆ, ಮೈಚರ್ಮದ ಗಾಯ ಅಂಚಿನಿಂದ ಒಳಕ್ಕೆ ಮಾಯುತ್ತ ಬಂದರೆ, ಹೊಟ್ಟೆಯ ಪೊರೆ ಇಡೀ ಗಾಯದ ಮೇಲೆ ಏಕಕಾಲಕ್ಕೆ ಹೊಸದಾಗಿ ಮೂಡುತ್ತದೆ. ಗಾಯ ಬೆರಳಿನಷ್ಟಿರಲಿ, ಅಂಗೈಯಷ್ಟಿರಲಿ, ಐದರಿಂದ ಏಳು ದಿನ ಸಾಕು. ಆದುದರಿಂದ ಅಂಟು ಬೀಳುವುದೋ ಬಿಡುವುದೋ ಎಂಬುದು ಬಹುಮಟ್ಟಿಗೆ ಆ ಮೊದಲ ವಾರದಲ್ಲಿಯೇ ತೀರ್ಮಾನವಾಗುತ್ತದೆ. ಪರಿಣಾಮ ಕಾಣುವುದು ಮಾತ್ರ ತಿಂಗಳುಗಳ, ವರ್ಷಗಳ, ಕೆಲವೊಮ್ಮೆ ದಶಕಗಳ ಅನಂತರ.

ಇದು ಅಪರೂಪದ ಸಂಗತಿಯೆಂದು ಓದುಗರು ತಿಳಿಯಬಾರದು. 1990ರಲ್ಲಿ ಪ್ರಕಟವಾದ ಬ್ರಿಟಿಷ್ ವೈದ್ಯರ ಅಧ್ಯಯನವೊಂದರಲ್ಲಿ, ಹಿಂದೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿದ್ದವರನ್ನು ಮತ್ತೆ ತೆರೆದು ನೋಡಿದಾಗ ನೂರಕ್ಕೆ 93 ಮಂದಿಯಲ್ಲಿ ಅಂಟು ಕಂಡುಬಂದಿತ್ತು. ಅವರಲ್ಲಿ ಬಹುಪಾಲು ಜನ ಅದರ ಅರಿವೇ ಇಲ್ಲದೆ ಬಾಳುತ್ತಾರೆ ಎಂಬುದು ಸಮಾಧಾನದ ಮಾತು. ಆದರೆ ಸ್ಕಾಟ್ಲೆಂಡಿನಲ್ಲಿ 1986ರಲ್ಲಿ ಹೊಟ್ಟೆ ಅಥವಾ ಕಿಬ್ಬೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಸುಮಾರು ಮೂವತ್ತು ಸಾವಿರ ಮಂದಿಯ ದಾಖಲೆಗಳನ್ನು ಹತ್ತು ವರ್ಷಗಳವರೆಗೆ ಪರಿಶೀಲಿಸಿ 1999ರಲ್ಲಿ ಪ್ರಕಟಿಸಿದ ವರದಿ ಅಷ್ಟು ಸಮಾಧಾನ ಕೊಡುವುದಿಲ್ಲ. ಅವರಲ್ಲಿ ಸರಿಸುಮಾರು ಮೂವರಲ್ಲಿ ಒಬ್ಬರು, ಅಂಟಿಗೆ ಸಂಬಂಧಪಟ್ಟಿರಬಹುದಾದ ತೊಂದರೆಗಾಗಿ ಅಥವಾ ಅಂಟಿನಿಂದ ಕಠಿಣವಾಗಬಹುದಾದ ಮತ್ತೊಂದು ಶಸ್ತ್ರಚಿಕಿತ್ಸೆಗಾಗಿ, ಸರಾಸರಿ ಎರಡು ಸಲ ಮರಳಿ ಆಸ್ಪತ್ರೆ ಸೇರಿದ್ದರು. ಕರುಳು ಕಟ್ಟುವುದು ಇದರ ಒಂದು ಫಲ. ಗರ್ಭನಾಳಗಳು ಅಂಟಿಕೊಂಡರೆ ಬಂಜೆತನ ಇನ್ನೊಂದು. ಎರಡನೆಯ ಸಲ ಹೊಟ್ಟೆ ತೆರೆಯುವ ವೈದ್ಯರ ಕತ್ತಿಗೆ, ಗೋಡೆಗೆ ಅಂಟಿಕೊಂಡ ಕರುಳೋ ಮೂತ್ರಕೋಶವೋ ಅಡ್ಡ ಬರುವುದು ಮೂರನೆಯದು. ನಮ್ಮ ದೇಶದಲ್ಲಿ ಹೊಟ್ಟೆಯ ಕ್ಷಯವೂ ಕತ್ತಿಯ ಗಾಯವಿಲ್ಲದೆಯೇ ಕರುಳನ್ನು ಹೀಗೆ ಅಂಟಿಸುವುದುಂಟು. ಅದು ಬೇರೆ ಸಂಚಿಕೆಯ ವಿಷಯ.

ಈಗ ಜೆಲ್ಲಿನ ಮಾತು. ಇದರ ಉಪಾಯ ಅತ್ಯಂತ ಸರಳ. ಹಪ್ಪಳ ಒಂದರ ಮೇಲೊಂದು ಅಂಟದಿರಲೆಂದು ನಡುವೆ ನಮ್ಮ ತಾಯಂದಿರು ಹಿಟ್ಟು ಉದುರಿಸುವುದಿಲ್ಲವೇ? ಹಾಗೆಯೇ ಗಾಯದ ಎರಡು ಮುಖಗಳ ನಡುವೆ ಒಂದು ವಾರದ ಮಟ್ಟಿಗೆ ಏನಾದರೂ ಅಡ್ಡವಿರಿಸಬೇಕು. ಪೊರೆ ಮಾಯ್ದ ಮೇಲೆ ಆ ಅಡ್ಡ ತಾನೇ ಕರಗಿ ದೇಹದಿಂದ ಹೊರಹೋಗಬೇಕು, ಏಕೆಂದರೆ ಅದನ್ನು ತೆಗೆಯಲು ಮತ್ತೆ ಹೊಟ್ಟೆ ಕೊಯ್ಯುವಂತಿಲ್ಲ. ಇದಕ್ಕೆ ಹಾಳೆಯ ರೂಪದವು, ಜೆಲ್ ರೂಪದವು, ದ್ರವರೂಪದವು ಎಂದು ಹಲವು ಬಗೆಗಳಿವೆ. ಸಸ್ಯದ ನಾರಿನಿಂದ ತಯಾರಾದ ಬಟ್ಟೆಯಂಥ ಹಾಳೆ 1989ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. 1996ರಲ್ಲಿ ಬಂದ ಸೆಪ್ರಾಫಿಲ್ಮ್ ಎಂಬುದು ಹಾಳೆಯಾಗಿಯೇ ಒಳಗೆ ಹೋಗಿ ಒಂದೆರಡು ದಿನಗಳಲ್ಲಿ ಜೆಲ್ಲಾಗುತ್ತದೆ, ಒಂದು ವಾರ ನಿಂತು ಕರಗುತ್ತದೆ. ಮೆಕ್ಕೆಜೋಳದ ಪಿಷ್ಟದಿಂದ ತಯಾರಿಸಿದ ಐಕೋಡೆಕ್ಸ್‌ಟ್ರಿನ್ ಎಂಬ ದ್ರವವನ್ನು ಹೊಟ್ಟೆಯಲ್ಲಿ ತುಂಬಿ ಬಿಟ್ಟರೆ ಕರುಳುಗಳು ಮೂರು ನಾಲ್ಕು ದಿನ ನೀರಿನಲ್ಲಿ ತೇಲುವಂತೆ ಬಿಡಿಬಿಡಿಯಾಗಿರುತ್ತವೆ. ಮೂತ್ರಪಿಂಡ ಸೋತವರಿಗೆ ಹೊಟ್ಟೆಯ ಮೂಲಕ ರಕ್ತ ಶುದ್ಧಿ ಮಾಡುವಾಗಲೂ ಇದೇ ದ್ರವ ಬಳಕೆಯಲ್ಲಿದೆ.

ಹಲವು ಜೆಲ್‌ಗಳಲ್ಲಿಯೂ ಸೆಪ್ರಾಫಿಲ್ಮಿನಲ್ಲಿಯೂ ಮುಖ್ಯ ದ್ರವ್ಯ ಹಯಲುರಾನಿಕ್ ಆಮ್ಲ. ಇದು ನಮ್ಮೆಲ್ಲರ ಕಣ್ಣಿನಲ್ಲಿ, ಕೀಲುಗಳಲ್ಲಿ, ಚರ್ಮದಲ್ಲಿ ಇರುವ, ನೀರನ್ನು ಹಿಡಿದಿಟ್ಟುಕೊಳ್ಳುವ ಲೋಳೆಯಂಥ ವಸ್ತು. 1934ರಲ್ಲಿ ಅಮೆರಿಕದ ಕಾರ್ಲ್ ಮೆಯರ್ ಮತ್ತು ಜಾನ್ ಪಾಮರ್ ಎಂಬ ವಿಜ್ಞಾನಿಗಳು ಇದನ್ನು ಮೊದಲು ಬೇರ್ಪಡಿಸಿದ್ದು ದನದ ಕಣ್ಣಿನಿಂದ. ಅನಂತರ ಬಹುಕಾಲ ಕೋಳಿಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದರು. ಈಗ ಹೆಚ್ಚಾಗಿ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಮೊಸರು ಹೆಪ್ಪಾಗಿಸುವ ರೀತಿಯಲ್ಲಿ, ಹುದುಗಿಸಿ ತಯಾರಿಸುತ್ತಾರೆ. ಹಲಬರ್ಗಾದ ಆ ಹಿರಿಯ ತಾಯಿಯ ಪ್ರಶ್ನೆಗೆ ಇಷ್ಟು ಉತ್ತರ. ನಮ್ಮಂಥ ಸಸ್ಯಾಹಾರಿ ಮನೆತನಗಳಲ್ಲಿ ಈ ಪ್ರಶ್ನೆ ಏಳುವುದು ಸಹಜ, ಕೇಳುವುದರಲ್ಲಿ ಸಂಕೋಚ ಬೇಡ. ಯಾವ ಉತ್ಪನ್ನ ಯಾತರಿಂದ ಬಂದುದೆಂದು ಆಸ್ಪತ್ರೆಯವರು ಅದರ ಕಾಗದ ನೋಡಿ ಹೇಳಬಲ್ಲರು. ಆದರೆ ಒಂದು ಮಾತನ್ನು ನಗುತ್ತಲೇ ನೆನಪಿಸುತ್ತೇವೆ: ನಮ್ಮ ಅಜ್ಜಂದಿರ ಕಾಲದಿಂದ ಹೊಟ್ಟೆಯೊಳಗೆ ಹಾಕುತ್ತಿದ್ದ ಕರಗುವ ಹೊಲಿಗೆಯ ದಾರ, ಕ್ಯಾಟ್‌ಗಟ್, ಕುರಿ ಮತ್ತು ದನದ ಕರುಳಿನಿಂದ ಮಾಡಿದ್ದು. ಅದನ್ನು ಯಾರೂ ಕೇಳಿರಲಿಲ್ಲ.

ಇವು ಕೆಲಸ ಮಾಡುತ್ತವೆಯೇ? ಇಲ್ಲಿ ಉತ್ಸಾಹವನ್ನು ಸ್ವಲ್ಪ ಹಿಡಿದು ಮಾತನಾಡಬೇಕು. ಅಂಟು ಸಾಮಾನ್ಯವಾದ ಎಕ್ಸ್-ರೇಗಾಗಲಿ ಸ್ಕ್ಯಾನಿಗಾಗಲಿ ಸ್ಪಷ್ಟವಾಗಿ ಕಾಣುವುದಿಲ್ಲ. ಅದನ್ನು ಎಣಿಸಲು ಮತ್ತೊಮ್ಮೆ ಒಳಗೆ ಇಣುಕಬೇಕು. ಕರುಳಿನ ಒಂದು ಕಾಯಿಲೆಗೆ ಹೇಗೂ ಎರಡು ಹಂತಗಳಲ್ಲಿ ಶಸ್ತ್ರಚಿಕಿತ್ಸೆ ಆಗಬೇಕಿದ್ದ ರೋಗಿಗಳಲ್ಲಿ ಹೀಗೆ ನೋಡಿದ ಅಧ್ಯಯನವೊಂದು 1996ರಲ್ಲಿ ಪ್ರಕಟವಾಯಿತು. ಏನೂ ಹಾಕದಿದ್ದವರಲ್ಲಿ ನೂರಕ್ಕೆ 6 ಮಂದಿ ಮಾತ್ರ ಗಾಯದ ಕೆಳಗೆ ಅಂಟಿಲ್ಲದೆ ಇದ್ದರೆ, ಸೆಪ್ರಾಫಿಲ್ಮ್ ಹಾಕಿದವರಲ್ಲಿ ನೂರಕ್ಕೆ 51 ಮಂದಿ ಹಾಗಿದ್ದರು. ಇದು ಸಣ್ಣ ಲಾಭವಲ್ಲ. ಆದರೆ ಅಂಟು ಕಡಿಮೆಯಾದ ಮಾತ್ರಕ್ಕೆ ಕರುಳು ಕಟ್ಟುವುದೂ ಅಷ್ಟೇ ಕಡಿಮೆಯಾಯಿತೇ? 2006ರ ದೊಡ್ಡ ಪರೀಕ್ಷೆಯಲ್ಲಿ, ಒಟ್ಟಾರೆ ಕರುಳು ಕಟ್ಟಿದ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಅಂಟಿನಿಂದ ಕರುಳು ಕಟ್ಟಿ ಮತ್ತೆ ಶಸ್ತ್ರಚಿಕಿತ್ಸೆಯವರೆಗೆ ಹೋದವರು ಮಾತ್ರ ನೂರಕ್ಕೆ 3.4 ಇದ್ದುದು 1.8ಕ್ಕೆ ಇಳಿದಿತ್ತು. ಸಾವಿರ ಮಂದಿಯಲ್ಲಿ ಹದಿನಾರು ಜನರಿಗೆ ಎರಡನೆಯ ಕತ್ತಿ ತಪ್ಪಿತೆಂದು ಇದರ ಅರ್ಥ. ಕರುಳನ್ನು ಕತ್ತರಿಸಿ ಜೋಡಿಸಿದ ಹೊಲಿಗೆಯ ಸುತ್ತಲೂ ಆ ಹಾಳೆಯನ್ನು ಸುತ್ತಿದರೆ ಸೋರಿಕೆ ಹೆಚ್ಚಬಹುದೆಂಬ ಎಚ್ಚರಿಕೆಯೂ ಬಂದಿದೆ. ಇನ್ನೊಂದು ಜೆಲ್, ಇಂಟರ್‌ಜೆಲ್ ಎಂಬುದು, ಅಮೆರಿಕದಲ್ಲಿ 2001ರಲ್ಲಿ ಮಾನ್ಯತೆ ಪಡೆದು, ಬಳಸಿದ ರೋಗಿಗಳಲ್ಲಿ ನೋವು ಮೊದಲಾದ ತೊಂದರೆಗಳ ವರದಿ ಬಂದುದರಿಂದ 2003ರಲ್ಲಿ ತಯಾರಕರೇ ಮಾರುಕಟ್ಟೆಯಿಂದ ಹಿಂದೆಗೆದುಕೊಂಡರು. ಜೆಲ್ ಎಂಬ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ.

ತಂಗಿಗೆ ಹಚ್ಚಿದರು. ಕರುಳನ್ನು ಕತ್ತರಿಸಬೇಕಾಗಿ ಬಂದು ಒಳಗೆ ಹೊಲಸು ಸೋರಿದ್ದರೆ ತಾವು ಬಳಸುತ್ತಿರಲಿಲ್ಲವೆಂದು ವೈದ್ಯರು ಆಮೇಲೆ ಹೇಳಿದರು. ಆ ಮಾತಿನಿಂದ ನಮಗೆ ಅವರ ಮೇಲೆ ನಂಬಿಕೆ ಹೆಚ್ಚಾಯಿತು. ಅದು ಫಲ ಕೊಟ್ಟಿದೆಯೇ ಎಂದು ಕೇಳಿದರೆ ನಾವು ಹೇಳಲಾರೆವು, ಅವರೂ ಹೇಳಲಾರರು.

ಜೆಲ್ಲಿಗಿಂತ ಕೈ ದೊಡ್ಡದು ಎಂಬುದನ್ನು ಮಾತ್ರ ಎಲ್ಲ ಶಸ್ತ್ರವೈದ್ಯರೂ ಒಪ್ಪುತ್ತಾರೆ. ಕರುಳನ್ನು ಮೃದುವಾಗಿ ಮುಟ್ಟುವುದು, ಒದ್ದೆ ಬಟ್ಟೆಯಿಂದ ತೇವವಾಗಿಡುವುದು, ರಕ್ತ ನಿಲ್ಲಿಸುವುದು, ಅನ್ಯವಸ್ತು ಒಳಗೆ ಉಳಿಯದಂತೆ ನೋಡುವುದು, ಇವು ಜೆಲ್ ಹುಟ್ಟುವ ಮೊದಲಿನಿಂದಲೂ ಇರುವ ಪಾಠ. ಹಿಂದೆ ಕೈಗವಸು ಸುಲಭವಾಗಿ ಏರಲೆಂದು ಒಳಗೆ ಟಾಲ್ಕ್ ಪುಡಿ ಹಾಕುತ್ತಿದ್ದರು. ಅದು ಹೊಟ್ಟೆಯೊಳಗೆ ಬಿದ್ದು ಗಂಟು, ಅಂಟು ಮಾಡುತ್ತದೆಂದು ತಿಳಿದ ಮೇಲೆ ಪಿಷ್ಟದ ಪುಡಿಗೆ ಬದಲಾಯಿಸಿದರು. ಅದೂ ನಿರಪಾಯವಲ್ಲವೆಂದು ಕಂಡು, ಅಮೆರಿಕದಲ್ಲಿ 2017ರ ಜನವರಿಯಿಂದ ಪುಡಿಯುಳ್ಳ ಕೈಗವಸುಗಳನ್ನೇ ನಿಷೇಧಿಸಿದರು. ಸಣ್ಣ ರಂಧ್ರಗಳ ಮೂಲಕ ಮಾಡುವ ದೂರದರ್ಶಕ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಅಂಟು ಕಡಿಮೆ. ಅದು ಸಾಧ್ಯವಿರುವ ಕಡೆ ಕೇಳಿಕೊಳ್ಳಬಹುದು.

ಎಲ್ಲಕ್ಕಿಂತ ಕಡಿಮೆ ಅಂಟು ಆಗುವುದು, ಆಗದೇ ಉಳಿದ ಶಸ್ತ್ರಚಿಕಿತ್ಸೆಯಲ್ಲಿ. ಈ ಮಾತಿಗಾಗಿಯೇ ನಾವು ಇಷ್ಟು ಬರೆದೆವು. ನಮ್ಮ ನಾಡಿನ ಹೆಣ್ಣುಮಕ್ಕಳ ಹೊಟ್ಟೆಯ ಮೇಲೆ ಕತ್ತಿ ಎಷ್ಟು ಸಲ ಆಡುತ್ತದೆಂದು ಲೆಕ್ಕ ಹಾಕಿ ನೋಡಿ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 57ಕ್ಕೂ ಹೆಚ್ಚು ಮಂದಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿದೆ. ಹೆರಿಗೆಗಳಲ್ಲಿ ನೂರಕ್ಕೆ 31ಕ್ಕೂ ಹೆಚ್ಚು ಸಿಸೇರಿಯನ್. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಎರಡನೆಯ ಸಂಖ್ಯೆ 23ರ ಆಚೀಚೆ ಇತ್ತು. ಪ್ರಾಣ ಉಳಿಸುವ ಸಿಸೇರಿಯನ್ನನ್ನು ನಾವು ದೂರುವುದಿಲ್ಲ. ಇದರ ಮೇಲೆ ಗರ್ಭಕೋಶ ತೆಗೆಸುವುದೂ ಸೇರಿಕೊಂಡಾಗ ಮಾತು ಬೇರೆ. ನಮ್ಮ ಬೀದರಕ್ಕೆ ನೆರೆಯಾದ ಕಲಬುರಗಿ ಜಿಲ್ಲೆಯಲ್ಲಿ, ಬಹುಮಟ್ಟಿಗೆ ತಾಂಡಾಗಳ ಬಡ ಮಹಿಳೆಯರಿಗೆ, ಹೊಟ್ಟೆನೋವು, ಬಿಳಿಮುಟ್ಟು ಎಂದು ಹೋದಾಗ ಅವಶ್ಯವಿಲ್ಲದೆ ಗರ್ಭಕೋಶ ತೆಗೆದುಹಾಕಿದ ಪ್ರಕರಣಗಳು 2015ರಲ್ಲಿ ಸರಕಾರದ ತನಿಖೆಗೆ ಬಂದುವು. 2017ರ ಫೆಬ್ರವರಿಯಲ್ಲಿ ಆ ಮಹಿಳೆಯರು ನ್ಯಾಯ ಕೇಳುತ್ತ ಕಲಬುರಗಿಯ ಬೀದಿಗಿಳಿದಿದ್ದರು. 2023ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಅಳವಡಿಸಿಕೊಳ್ಳಬೇಕೆಂದು ಆದೇಶಿಸಿತು. ಬಿಳಿಮುಟ್ಟು ಬಹಳ ಸಲ ಔಷಧಿಯಿಂದ ವಾಸಿಯಾಗುವ ಸೋಂಕು. ನಾವು ಓದಿದವರು, ಪತ್ರಿಕೆಗೆ ಬರೆಯುವವರು. ತಂಗಿಯ ಪಾಲಿಗೆ ಆ ಒಂದು ಪ್ರಶ್ನೆ ಕೇಳಲಿಲ್ಲವೆಂಬ ಕೊರಗು ನಮ್ಮನ್ನು ಬಿಟ್ಟಿಲ್ಲ. ಗರ್ಭಕೋಶ ತೆಗೆಯಬೇಕೆಂದು ಒಬ್ಬ ವೈದ್ಯರು ಹೇಳಿದಾಗ, ಅರ್ಬುದವೋ ನಿಲ್ಲದ ರಕ್ತಸ್ರಾವವೋ ಇದ್ದ ಹೊರತು ಆತುರವಿರುವುದಿಲ್ಲ. ಬೀದರಿನ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಂಥ ಕಡೆ ಹೋಗಿ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವಷ್ಟು ಸಮಯ ಇದ್ದೇ ಇರುತ್ತದೆ.

ಈಗಾಗಲೇ ಶಸ್ತ್ರಚಿಕಿತ್ಸೆಯಾದವರು ಹೆದರಬೇಕಾದುದಿಲ್ಲ, ಗುರುತು ಹಿಡಿಯಬೇಕಾದುದಿದೆ. ಹೊಟ್ಟೆಯ ಮೇಲೆ ಹಳೆಯ ಹೊಲಿಗೆಯ ಗುರುತು ಇರುವವರಿಗೆ ಅಲೆಯಲೆಯಾಗಿ ಹಿಂಡುವ ನೋವು, ಮೇಲಿಂದ ಮೇಲೆ ವಾಂತಿ, ಹೊಟ್ಟೆ ಉಬ್ಬರ, ಮಲವೂ ವಾಯುವೂ ಸರಿಯದಿರುವುದು ಕಂಡರೆ ಬೆಳಗಾಗಲೆಂದು ಕಾಯಬೇಡಿ. ಹೊಟ್ಟೆ ತಿಕ್ಕಿಸಬೇಡಿ. ಔಡಲೆಣ್ಣೆಯನ್ನಾಗಲಿ ಬೇರೆ ಭೇದಿಯ ಔಷಧಿಯನ್ನಾಗಲಿ ಕೊಡಬೇಡಿ, ಏಕೆಂದರೆ ಮುಂದೆ ದಾರಿ ಕಟ್ಟಿರುವಾಗ ಹಿಂದಿನಿಂದ ನೂಕಿದಂತಾಗುತ್ತದೆ. ಬಾಯಿಗೆ ಏನನ್ನೂ ಕೊಡದೆ ಆಸ್ಪತ್ರೆಗೆ ಸಾಗಿಸಬೇಕು. ಸಕಾಲಕ್ಕೆ ಹೋದವರಲ್ಲಿ ಬಹಳ ಮಂದಿಗೆ ಮೂಗಿನಿಂದ ನಳಿಕೆ ಇಳಿಸಿ, ಸಲೈನ್ ಕೊಟ್ಟು, ಒಂದೆರಡು ದಿನ ಕಾದರೆ ಕತ್ತಿಯಿಲ್ಲದೆಯೇ ಕರುಳು ಬಿಚ್ಚಿಕೊಳ್ಳುತ್ತದೆ. ನೋವು ಬಿಡುವಿಲ್ಲದೆ ಒಂದೇ ಸಮನಾದರೆ, ಜ್ವರ ಏರಿದರೆ, ನಾಡಿ ಓಡಿದರೆ ಕರುಳಿನ ರಕ್ತ ಸಂಚಾರ ನಿಂತಿರಬಹುದು. ಆಗ ಒಂದೊಂದು ತಾಸಿಗೂ ಬೆಲೆಯಿದೆ.

ಹೈದರಾಬಾದಿನಲ್ಲಿ ವೈದ್ಯರು ಮೊದಲು ಕೇಳಿದ್ದು ಹಳೆಯ ಶಸ್ತ್ರಚಿಕಿತ್ಸೆಯ ಕಾಗದಗಳನ್ನು. ನಮ್ಮವರ ಬಳಿ ಇರಲಿಲ್ಲ. ಗರ್ಭಕೋಶದ ಜೊತೆಗೆ ಅಂಡಕೋಶ ತೆಗೆದಿದ್ದಾರೋ ಉಳಿಸಿದ್ದಾರೋ ಎಂಬುದೂ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಬಿಡುಗಡೆಯ ಚೀಟಿಯನ್ನು ಕೇಳಿ ಪಡೆಯುವುದು ರೋಗಿಯ ಹಕ್ಕು. ಯಾವ ದಿನ, ಏನು ತೆಗೆದರು, ಒಳಗೆ ಏನು ಬಿಟ್ಟರು, ಜೆಲ್ ಹಾಕಿದ್ದರೆ ಅದರ ಹೆಸರೇನು ಎಂಬುದು ಅದರಲ್ಲಿ ಇರುವಂತೆ ನೋಡಿಕೊಳ್ಳಿರಿ.

ತಂಗಿ ಈಗ ಆರಾಮವಾಗಿದ್ದಾಳೆ. ಕಳೆದ ತಿಂಗಳು ನಾವು ಹಲಬರ್ಗಾಕ್ಕೆ ಹೋದಾಗ ಅವಳ ಅತ್ತೆಯವರು ಹೊಲದ ಪಹಣಿ ಇಡುವ ಕಬ್ಬಿಣದ ಟ್ರಂಕನ್ನು ತೆರೆದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಆಸ್ಪತ್ರೆಯ ಕಾಗದಗಳನ್ನು ತೋರಿಸಿದರು. ಜೆಲ್ಲಿನ ಪೊಟ್ಟಣದ ಮೇಲಿನ ಚೀಟಿಯನ್ನೂ ಅದಕ್ಕೆ ಟಾಚಣಿ ಚುಚ್ಚಿ ಇಟ್ಟಿದ್ದರು.